ಕಡೂರಿನ ಕಾಯಿ, ಸೂರ್ಯನವರೆಗಿನ ಸಾಲು

ಮಳೆ ಚೆನ್ನಾಗಿ ಹಿಡಿದು ಲಕ್ಕವಳ್ಳಿಯ ಭದ್ರಾ ಜಲಾಶಯ 186 ಅಡಿ ಮುಟ್ಟಿತೆಂದರೆ ತರೀಕೆರೆಯಿಂದ ದಾವಣಗೆರೆಯವರೆಗೆ ರೈತರ ಮುಖದಲ್ಲಿ ಕಳೆ ಏರುತ್ತದೆ. ಆಗ ಅಣೆಕಟ್ಟಿನ ಹಿಂದೆ ನಿಂತಿರುವುದು 71.5 ಟಿಎಂಸಿ ನೀರು. ಲೀಟರಿಗೆ ಇಳಿಸಿದರೆ 2 ಲಕ್ಷ ಕೋಟಿ. 2011ರ ಜನಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕ ಕರ್ನಾಟಕದ 6.11 ಕೋಟಿ ಜನರಿಗೂ ಸಮನಾಗಿ ಹಂಚಿದರೆ ತಲೆಗೆ 33 ಸಾವಿರ ಲೀಟರ್ ಬರುತ್ತದೆ. ಈಗ ಈ ಸಾಗರದಂಥ ನೀರಿಗೆ ಇಟ್ರಾಕೊನಜೋಲ್ ಎಂಬ ಔಷಧವನ್ನು ಸುರಿಯುತ್ತಾ ಹೋಗಿ. ಹುಳುಕಡ್ಡಿಗೆ ವೈದ್ಯರು ಬರೆದುಕೊಡುವ, ಊರೂರಿನ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಮಾಮೂಲಿ ಔಷಧ ಅದು. ಇಡೀ ಜಲಾಶಯ ಎಷ್ಟನ್ನು ಕರಗಿಸಿಕೊಳ್ಳಬಲ್ಲದು ಗೊತ್ತೇ? ಬರೀ 2 ಟನ್! ಭದ್ರಾ ಕಾಡಿನ ಒಂದು ಸಲಗದ ಅರ್ಧ ತೂಕ. ಅದಕ್ಕಿಂತ ಒಂದು ಚೀಲ ಹೆಚ್ಚಿಗೆ ಸುರಿದರೂ ಅದು ಪುಡಿಯಾಗಿಯೇ ತಳ ಸೇರುತ್ತದೆ.

ಏಕೆಂದರೆ ಈ ಔಷಧ ಸಾದಾ ನೀರಿನಲ್ಲಿ ಕರಗುವುದು ಲೀಟರಿಗೆ ಸುಮಾರು ಒಂದು ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಕಿರುಬೆರಳಿನ ತುದಿಯಷ್ಟಿರುವ 100 ಮಿಲಿಗ್ರಾಂ ಕ್ಯಾಪ್ಸೂಲ್ ಪೂರಾ ಕರಗಬೇಕಾದರೆ 1 ಲಕ್ಷ ಲೀಟರ್ ನೀರು ಬೇಕು. 12 ಸಾವಿರ ಲೀಟರಿನ ಟ್ಯಾಂಕರ್ ಎಂಟು ಸಲ ಬಂದು ಖಾಲಿಯಾಗಬೇಕು, ಒಂಬತ್ತನೆಯದೂ ಬಾಗಿಲಲ್ಲಿ ನಿಂತಿರಬೇಕು. ಹೊಟ್ಟೆಯ ಆಮ್ಲದಲ್ಲಿ ಅದು ಸಾವಿರಾರು ಪಟ್ಟು ಹೆಚ್ಚು ಕರಗುತ್ತದೆ, ನಿಜ. ಆದರೂ 20 ಲೀಟರ್ ಆಮ್ಲ ಬೇಕೇ ಬೇಕು. ನಮ್ಮ ಹೊಟ್ಟೆ ಹಿಡಿಯುವುದೇ ಒಂದೂವರೆ ಲೀಟರ್. ಔಷಧ ವಿಜ್ಞಾನಿಗಳು 1995ರಿಂದ ಇಟ್ಟುಕೊಂಡಿರುವ ಅಳತೆಗೋಲು ಇನ್ನೂ ಬಿಗಿ: ಒಂದು ಹೊತ್ತಿನ ಮದ್ದು 250 ಮಿಲಿಲೀಟರ್ ನೀರಿನಲ್ಲಿ, ಅಂದರೆ ಒಂದು ದೊಡ್ಡ ಲೋಟದಲ್ಲಿ, ಕರಗಿದರೆ ಮಾತ್ರ ಅದನ್ನು ಚೆನ್ನಾಗಿ ಕರಗುವ ಮದ್ದು ಎನ್ನುತ್ತಾರೆ. ಒಂದು ಕಡೆ ಒಂದು ಲೋಟ, ಇನ್ನೊಂದು ಕಡೆ ನಾಲ್ಕು ಲಕ್ಷ ಲೋಟ! ನಮ್ಮ ಅರಿಶಿನವೂ ಇದೇ ಜಾತಿ. ಅದರ ಸಾರವಾದ ಕುರ್ಕುಮಿನ್ ಲೀಟರ್ ನೀರಿಗೆ ಕರಗುವುದು ಸುಮಾರು 11 ಮೈಕ್ರೋಗ್ರಾಂ. ಒಂದು ಚಮಚ ಅರಿಶಿನದಲ್ಲಿ ಇರುವ ಅಷ್ಟಿಷ್ಟು ಕುರ್ಕುಮಿನ್ ಕರಗಲಿಕ್ಕೆ ಎಂಟು ಸಾವಿರ ಲೀಟರ್ ಬೇಕು. ಮಾರುಕಟ್ಟೆಯಲ್ಲಿರುವ ಮದ್ದುಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಹೀಗೆ ನೀರಿಗೆ ಒಲಿಯದವು ಎಂಬುದು ಈ ಕ್ಷೇತ್ರದ ಪಠ್ಯಗಳಲ್ಲಿ ಮತ್ತೆ ಮತ್ತೆ ಬರುವ ಅಂದಾಜು.

ನೀರಿಗೆ ಒಲಿಯದ್ದು ಎಣ್ಣೆಗೆ ಒಲಿಯುತ್ತದೆ. ಎಣ್ಣೆಯಲ್ಲಿ ಮದ್ದನ್ನು ಕರಗಿಸಿ, ಆ ಎಣ್ಣೆಯನ್ನು ನೀರಿನಲ್ಲಿ ಊಹೆಗೂ ನಿಲುಕದಷ್ಟು ಸಣ್ಣ ಕಣಗಳಾಗಿ ಒಡೆದು ನಿಲ್ಲಿಸುವುದೇ ನ್ಯಾನೋ ಎಮಲ್ಷನ್. ಕಣದ ಅಗಲ 20ರಿಂದ 200 ನ್ಯಾನೋಮೀಟರ್. ನೂರು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು; ಒಂದು ತಲೆಗೂದಲಿನ ಅಗಲದಲ್ಲಿ ಇಂಥ ಎಂಟುನೂರು ಕಣಗಳು ಸಾಲಾಗಿ ಕೂರುತ್ತವೆ. ಇದನ್ನು ಕಣ್ಣಿಗೆ ಕಟ್ಟಿಸಿಕೊಳ್ಳಬೇಕಾದರೆ ಲೋಕವನ್ನೇ ಹಿಗ್ಗಿಸಬೇಕು. ಆ ಕಣ ತರೀಕೆರೆ ತೋಟದ ಮೂರು ಸೆಂಟಿಮೀಟರ್ ಅಗಲದ ಒಂದು ಅಡಿಕೆಯಷ್ಟಾಗಲಿ. ಅದೇ ಅಳತೆಯಲ್ಲಿ ಹಿಗ್ಗಿದರೆ ಸುಲಿದ ಒಂದು ತೆಂಗಿನಕಾಯಿ 36 ಕಿಲೋಮೀಟರ್ ಅಗಲವಾಗುತ್ತದೆ, ಹೆಚ್ಚುಕಡಿಮೆ ಕಡೂರಿನಿಂದ ತರೀಕೆರೆಯವರೆಗೆ. ಕಾಯಿ ಕೀಳುವ ಐದೂವರೆ ಅಡಿ ಎತ್ತರದ ಆಳು 503 ಕಿಲೋಮೀಟರ್ ಎತ್ತರಕ್ಕೆ ಬೆಳೆಯುತ್ತಾನೆ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಅವನ ಎದೆಯ ಹತ್ತಿರ ಹಾದುಹೋಗುತ್ತದೆ!

ಎಣ್ಣೆಯಂಶವನ್ನು ನೀರಿನಲ್ಲಿ ಕಣಕಣವಾಗಿ ನಿಲ್ಲಿಸುವ ವಿದ್ಯೆಯನ್ನು ಮನುಷ್ಯನಿಗಿಂತ ಮೊದಲು ಕಲಿತಿದ್ದು ಹಸು. ಅಜ್ಜಂಪುರದಲ್ಲಿ 1929ರಿಂದ ಅಮೃತಮಹಲ್ ತಳಿ ಕೇಂದ್ರವಿದೆ. ಈ ತಳಿಯ ಬೇರು ಮೈಸೂರು ಅರಸರ ಬೆಣ್ಣೆ ಚಾವಡಿಗೆ ಹೋಗುತ್ತದೆ: ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಚಿಕ್ಕದೇವರಾಜ ಒಡೆಯರು ಕಟ್ಟಿದ ಇಲಾಖೆ ಅದು, ಅಮೃತಮಹಲ್ ಎಂಬ ಹೆಸರು ಕೊಟ್ಟವನು ಟಿಪ್ಪು. ಈ ಎತ್ತುಗಳ ಬಲದಿಂದ ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ದಂಡು ನಡೆಸಿದನೆಂದು ಗೆಜೆಟಿಯರ್‌ಗಳು ಬೆರಗಿನಿಂದ ಬರೆದಿವೆ. ನಡಿಗೆಗೆ ಹೆಸರಾದ ತಳಿ, ಹಾಲು ಕಡಿಮೆ. ಆದರೆ ಯಾವ ಹಸುವಿನದೇ ಆಗಲಿ, ನೂರಕ್ಕೆ ನಾಲ್ಕರಷ್ಟು ಕೊಬ್ಬಿರುವ ಒಂದು ಲೀಟರ್ ಹಾಲಿನಲ್ಲಿ ಎಷ್ಟು ಕೊಬ್ಬಿನ ಕಣಗಳಿವೆ ನೋಡಿ. ಎಲ್ಲವೂ ನಾಲ್ಕು ಮೈಕ್ರಾನ್, ಅಂದರೆ ನಾಲ್ಕು ಸಾವಿರ ನ್ಯಾನೋಮೀಟರ್, ಅಗಲದವೆಂದು ಇಟ್ಟುಕೊಂಡರೂ 1.3 ಲಕ್ಷ ಕೋಟಿ! ಭೂಮಿಯ ಮೇಲಿನ 800 ಕೋಟಿ ಜನರಲ್ಲಿ ಒಬ್ಬೊಬ್ಬರಿಗೂ 160 ಕಣ ಹಂಚಬಹುದು. ಒಂದೇ ಲೀಟರಿನಿಂದ. ಇಷ್ಟಾದರೂ ಮದ್ದಿನ ಲೋಕದಲ್ಲಿ ಹಾಲು ಬಹಳ ಒರಟು. ಹಾಲಿನ ಒಂದು ಕೊಬ್ಬಿನ ಕಣವನ್ನು ನೂರು ನ್ಯಾನೋಮೀಟರಿಗೆ ಒಡೆದರೆ 64 ಸಾವಿರ ಕಣಗಳಾಗುತ್ತವೆ.

ಒಡೆಯುವುದು ಸುಲಭವೇ? ಕಡಗೋಲಿನಿಂದ ಆಗದ ಕೆಲಸ. ಹಾಲನ್ನು ಒತ್ತಡದಲ್ಲಿ ಸಂದಿಯ ಮೂಲಕ ನುಗ್ಗಿಸಿ ಕೊಬ್ಬು ಒಡೆಯುವ ಹೋಮೋಜಿನೈಸರ್ ಯಂತ್ರಕ್ಕೆ ಫ್ರಾನ್ಸಿನ ಆಗಸ್ಟ್ ಗೋಲಾಂ 1899ರಲ್ಲಿ ಪೇಟೆಂಟ್ ಪಡೆದ. ಅದೇ ಯಂತ್ರದ ಮೊಮ್ಮಕ್ಕಳು ಇವತ್ತು ಔಷಧ ಪ್ರಯೋಗಾಲಯಗಳಲ್ಲಿ 1,500 ಬಾರ್ ಒತ್ತಡದಲ್ಲಿ ಎಣ್ಣೆ ನೀರನ್ನು ಕೂದಲಿಗಿಂತ ಕಿರಿದಾದ ಸಂದಿಗೆ ತಳ್ಳುತ್ತವೆ. 1,500 ಬಾರ್ ಎಂದರೇನು? ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದೂವರೆ ಟನ್. ಎರಡು ಸೆಂಟಿಮೀಟರ್ ಅಗಲದ ನಾಣ್ಯದ ಮೇಲೆ ಹೆಚ್ಚುಕಡಿಮೆ ಐದು ಟನ್, ಅಂದರೆ ಆ ನಾಣ್ಯದ ಮೇಲೆ ಬೆಳೆದ ಸಲಗವೊಂದು ಒಂಟಿಕಾಲಿನಲ್ಲಿ ನಿಂತಂತೆ. ನೀರಿನ ಕಂಬ ಕಟ್ಟಿ ಆ ಒತ್ತಡ ತರಬೇಕಾದರೆ 15 ಕಿಲೋಮೀಟರ್ ಎತ್ತರ ಬೇಕು. ಕರ್ನಾಟಕದ ಅತಿ ಎತ್ತರದ ಶಿಖರ, 1,930 ಮೀಟರಿನ ಮುಳ್ಳಯ್ಯನಗಿರಿಯನ್ನು ಒಂದರ ಮೇಲೊಂದು ಎಂಟು ಸಲ ಪೇರಿಸಬೇಕು. ಭೂಮಿಯ ಕಡಲುಗಳಲ್ಲೇ ಅತಿ ಆಳದ ಮರಿಯಾನಾ ಕಂದಕದ ತಳದಲ್ಲಿ ಇರುವುದು ಸುಮಾರು 1,086 ಬಾರ್. ಮೇಜಿನ ಮೇಲೆ ಕೂತಿರುವ ಯಂತ್ರ ಕಡಲಿನ ತಳವನ್ನೂ ಹಿಂದೆ ಹಾಕಿತು!

ಆ ಒತ್ತಡವೆಲ್ಲ ವೇಗವಾಗಿ ಬದಲಾದರೆ ದ್ರವ ಸೆಕೆಂಡಿಗೆ 500 ಮೀಟರಿಗೂ ಹೆಚ್ಚು ಓಡುತ್ತದೆ. ಗಾಳಿಯಲ್ಲಿ ಶಬ್ದದ ವೇಗವೇ ಸೆಕೆಂಡಿಗೆ 340 ಮೀಟರ್ ಆಸುಪಾಸು. ಈ ವೇಗದಲ್ಲಿ ಹೊರಟವರು ಕಡೂರು ಬಿಟ್ಟ ಒಂದು ನಿಮಿಷ ಚಿಲ್ಲರೆಗೆ ತರೀಕೆರೆಯಲ್ಲಿರುತ್ತಾರೆ. ಇನ್ನೊಂದು ದಾರಿ ಶ್ರವಣಾತೀತ ಧ್ವನಿಯದು. ಪೆನ್ನಿನಷ್ಟು ದಪ್ಪದ ಲೋಹದ ಕಡ್ಡಿ ಬೀಕರಿನೊಳಗೆ ಸೆಕೆಂಡಿಗೆ 20 ಸಾವಿರ ಸಲ ನಡುಗುತ್ತದೆ. ಹತ್ತು ನಿಮಿಷ ನಡೆಸಿದರೆ 1.2 ಕೋಟಿ ನಡುಕ. ಆ ನಡುಕಕ್ಕೆ ನೀರಿನಲ್ಲಿ ಹುಟ್ಟಿ ಕುಸಿಯುವ ಗುಳ್ಳೆಗಳ ಒಳಗೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಕಡಿಮೆ ಹೊತ್ತು, ಸುಮಾರು 5,000 ಡಿಗ್ರಿ ಬಿಸಿ ಏರುತ್ತದೆ. ಸೂರ್ಯನ ಮೇಲ್ಮೈಯ ಬಿಸಿ ಸುಮಾರು 5,500 ಡಿಗ್ರಿ. ಬೀಕರ್ ಮಾತ್ರ ಕೈಯಲ್ಲಿ ಹಿಡಿಯುವಷ್ಟು ತಣ್ಣಗಿರುತ್ತದೆ, ಐಸಿನಲ್ಲಿ ಇಟ್ಟಿರುತ್ತಾರೆ.

ಒಡೆದ ಮೇಲೆ ಎಣ್ಣೆಯ ಮೈ ಎಷ್ಟು ಹರಡಿಕೊಳ್ಳುತ್ತದೆ ಎಂಬುದು ರೈತರ ಲೆಕ್ಕದಲ್ಲಿ ಹೇಳಿದರೇ ಚೆನ್ನ. ಒಂದು ಚಮಚ ಎಣ್ಣೆ ಒಂದೇ ಗುಂಡಾಗಿದ್ದರೆ ಅದರ ಮೈ 14 ಚದರ ಸೆಂಟಿಮೀಟರ್, ಎರಡು ಅಂಚೆಚೀಟಿಯಷ್ಟು. ನೂರು ನ್ಯಾನೋಮೀಟರಿನ ಕಣಗಳಾಗಿ ಒಡೆಯಿರಿ, ಅದೇ ಚಮಚದ ಎಣ್ಣೆಯ ಮೈ 300 ಚದರ ಮೀಟರ್. ಮೂರು ಗುಂಟೆ ಜಾಗ! ಇಪ್ಪತ್ತು ನ್ಯಾನೋಮೀಟರಿಗೆ ಇಳಿಸಿ, ಹದಿನೈದು ಗುಂಟೆ. ಕಡೂರು, ಬೀರೂರು, ತರೀಕೆರೆಯ ಕಡೆ ತೆಂಗಿಗೆ ಬರವಿಲ್ಲ, ಹಾಗಾಗಿ ಚಮಚ ಬಿಟ್ಟು ಕಾಯಿಗೇ ಬರೋಣ. ನ್ಯಾನೋ ಎಮಲ್ಷನ್ ಮಾಡುವವರು ಬಹಳ ಮೆಚ್ಚುವ ಎಣ್ಣೆಗಳಲ್ಲಿ ಒಂದು ಕೊಬ್ಬರಿ ಎಣ್ಣೆಯಿಂದಲೇ ಬೇರ್ಪಡಿಸಿದ್ದು. ಒಂದು ಒಳ್ಳೆಯ ಕಾಯಿಯ ಕೊಬ್ಬರಿ ಸುಮಾರು 100 ಮಿಲಿಲೀಟರ್ ಎಣ್ಣೆ ಕೊಡುತ್ತದೆ. ಅಷ್ಟನ್ನೂ ನೂರು ನ್ಯಾನೋಮೀಟರಿಗೆ ಒಡೆದರೆ ಅದರ ಮೈ ಒಂದೂವರೆ ಎಕರೆ. ಇಪ್ಪತ್ತೈದು ಅಡಿಗೊಂದರಂತೆ ನೆಟ್ಟರೆ ಆ ಒಂದೂವರೆ ಎಕರೆಯಲ್ಲಿ ನೂರು ತೆಂಗಿನ ಸಸಿ ಹಿಡಿಯುತ್ತವೆ. ಒಂದು ಕಾಯಿಯ ಎಣ್ಣೆಯ ಮೇಲೆ ನೂರು ಮರದ ತೋಟ!

ಅಷ್ಟು ವಿಸ್ತಾರಕ್ಕೆ ಬೇಲಿ ಬೇಡವೇ? ಬೇಕು, ಇಲ್ಲದಿದ್ದರೆ ಕಣಗಳು ಮರುಕ್ಷಣವೇ ಒಂದಾಗುತ್ತವೆ. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಈ ಕಾವಲಿಗೆ ನಿಲ್ಲುತ್ತದೆ. ಒಂದೊಂದು ಅಣುವೂ ಕಾಯುವುದು ಅರ್ಧ ಚದರ ನ್ಯಾನೋಮೀಟರಿಗಿಂತ ತುಸು ಹೆಚ್ಚು ಜಾಗ. ಒಂದೂವರೆ ಎಕರೆಗೆ ಬೇಕಾಗುವ ಕಾವಲು ಅಣುಗಳ ಸಂಖ್ಯೆ ಒಂದರ ಮುಂದೆ 22 ಸೊನ್ನೆ, ಅಂದರೆ 10 ಕೋಟಿ ಕೋಟಿ ಕೋಟಿ. ಈ ಮಹಾಸೇನೆಯನ್ನು ತಕ್ಕಡಿಗೆ ಹಾಕಿದರೆ ತೂಗುವುದು ಹದಿಮೂರು ಗ್ರಾಂ. ಎರಡು ಟೀ ಚಮಚಕ್ಕೆ ತುಸು ಹೆಚ್ಚು, ಅಷ್ಟೇ.

ಈ ಕಾವಲುಗಾರರ ಪಾಡು ಕೇಳಿದರೆ ನನಗಂತೂ ರೋಮಾಂಚನವಾಗುತ್ತದೆ. ನೂರು ನ್ಯಾನೋಮೀಟರಿನ ಕಣ ಸುಮ್ಮನೆ ಕೂರುವುದಿಲ್ಲ. ನೀರಿನ ಅಣುಗಳ ಏಟಿಗೆ ಒಂದು ಸೆಕೆಂಡಿನಲ್ಲಿ ತನ್ನ ಮೈಯಗಲದ ಮೂವತ್ತು ಪಟ್ಟು ದೂರ ಜರುಗಿರುತ್ತದೆ. ನೂರಕ್ಕೆ ಹತ್ತು ಪಾಲು ಎಣ್ಣೆಯಿರುವ ಎಮಲ್ಷನ್ನಿನಲ್ಲಿ ಪಕ್ಕದ ಕಣ ಇರುವುದು ಒಂದು ಮೈಯಗಲಕ್ಕಿಂತಲೂ ಹತ್ತಿರ. ಪೋಲೆಂಡಿನ ಭೌತವಿಜ್ಞಾನಿ ಸ್ಮೊಲುಚೊವ್‌ಸ್ಕಿಯ ಸೂತ್ರ ಹಾಕಿ ನೋಡಿದರೆ, ಒಂದೊಂದು ಕಣವೂ ನೆರೆಯ ಕಣಗಳಿಗೆ ಡಿಕ್ಕಿ ಹೊಡೆಯಬಹುದಾದದ್ದು ಸೆಕೆಂಡಿಗೆ ಎರಡು ಸಾವಿರಕ್ಕೂ ಹೆಚ್ಚು ಸಲ. ದಿನಕ್ಕೆ 20 ಕೋಟಿ. ಬಾಟಲಿಯ ಮೇಲೆ ಎರಡು ವರ್ಷದ ಅವಧಿ ಅಚ್ಚಾಗಿದ್ದರೆ ಅಷ್ಟರಲ್ಲಿ 14 ಸಾವಿರ ಕೋಟಿ ಡಿಕ್ಕಿ. ಅಷ್ಟು ಡಿಕ್ಕಿಯಲ್ಲೂ ಒಂದರೊಳಗೊಂದು ಕರಗಿಹೋಗದೆ ಬೇರೆಯಾಗಿಯೇ ಉಳಿಯಬೇಕು! ಸ್ಥಿರ ಎಮಲ್ಷನ್ ಎಂಬ ಎರಡು ಪದದ ಹಿಂದೆ ಇರುವುದು ಇಷ್ಟು ದೊಡ್ಡ ಪರೀಕ್ಷೆ.

ಕೆನೆಗಟ್ಟುವ ವೇಗ ನೋಡಿ. ಸ್ಟೋಕ್ಸ್ ಸೂತ್ರದಂತೆ ಹಾಲಿನ ನಾಲ್ಕು ಮೈಕ್ರಾನ್ ಕಣ ಹತ್ತು ಸೆಂಟಿಮೀಟರ್ ಮೇಲೇರಲು ಎರಡು ದಿನವೂ ಬೇಡ. ನೂರು ನ್ಯಾನೋಮೀಟರಿನ ಕಣಕ್ಕೆ ಅದೇ ಹತ್ತು ಸೆಂಟಿಮೀಟರಿಗೆ ಏಳು ವರ್ಷ ದಾಟುತ್ತದೆ. ಇಪ್ಪತ್ತು ನ್ಯಾನೋಮೀಟರಿನ ಕಣಕ್ಕೆ 182 ವರ್ಷ! ನಮ್ಮ ದೇಶದಲ್ಲಿ ಮೊದಲ ಪ್ರಯಾಣಿಕ ರೈಲು ಓಡಿದ್ದು 1853ರಲ್ಲಿ. ಅದಕ್ಕೂ ಮೊದಲೇ ಬಾಟಲಿಯ ತಳದಿಂದ ಹೊರಟ ಕಣ ಈಗ ಮುಚ್ಚಳದ ಹತ್ತಿರ ಬರುತ್ತಿತ್ತು. ಇದೂ ನೀರಿನ ಅಣುಗಳು ಅತ್ತಿತ್ತ ನೂಕದೆ ಬಿಟ್ಟಿದ್ದರೆ ಮಾತ್ರ, ಅವು ಬಿಡುವುದಿಲ್ಲ.

ಇಷ್ಟೆಲ್ಲ ಬಿಗಿ ಯಾಕೆಂದರೆ ಇದು ರಕ್ತಕ್ಕೆ ಹೋಗುವ ವಸ್ತು. ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್ ಸೇರಿಸಿ ಮಾಡಿದ ಇಂಟ್ರಾಲಿಪಿಡ್ 1962ರಿಂದ ಉಣ್ಣಲಾಗದ ರೋಗಿಗಳ ನರಕ್ಕೆ ನೇರವಾಗಿ ಕೊಬ್ಬನ್ನು ಉಣಿಸುತ್ತಿದೆ. ನಮ್ಮ ಅತಿ ಕಿರಿದಾದ ರಕ್ತನಾಳಗಳ ಅಗಲ ಐದರಿಂದ ಹತ್ತು ಮೈಕ್ರಾನ್. ಹಾಗಾಗಿ ಅಮೆರಿಕದ ಔಷಧ ಸಂಹಿತೆಯ ನಿಯಮ: ಒಟ್ಟು ಕೊಬ್ಬಿನ ಹತ್ತು ಸಾವಿರ ಪಾಲಿನಲ್ಲಿ ಐದು ಪಾಲಿಗಿಂತ ಹೆಚ್ಚು ಕೊಬ್ಬು ಐದು ಮೈಕ್ರಾನಿಗಿಂತ ದೊಡ್ಡ ಕಣಗಳಲ್ಲಿ ಇರಕೂಡದು. ನೂರು ನ್ಯಾನೋಮೀಟರಿನ ಕಣಗಳು ಸೇರಿಕೊಂಡು ಅಂಥ ಒಂದೇ ಒಂದು ಕಣವಾಗಬೇಕಾದರೆ 1.25 ಲಕ್ಷ ಕಣಗಳು ಒಂದಾಗಬೇಕು.

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅರಿವಳಿಕೆ ವೈದ್ಯರ ಸಿರಿಂಜಿನಲ್ಲಿ ಹಾಲಿನಂಥ ಬಿಳಿ ದ್ರವ ಕಂಡವರಿಗೆ ಪ್ರೊಪೊಫಾಲ್ ಗೊತ್ತು. ಗಾಜಿನ ಸೀಸೆ, ಒಳಗೆ ಅಪ್ಪಟ ಬಿಳುಪು, ಅಲುಗಿಸಿದರೆ ಗೋಡೆಗೆ ತೆಳ್ಳಗೆ ಅಂಟಿ ಇಳಿಯುತ್ತದೆ. ಬ್ರಿಟನ್ನಿನ ಪಶುವೈದ್ಯ ಜಾನ್ ಬಿ. ಗ್ಲೆನ್ ಇದರ ಹಿಂದಿನ ವ್ಯಕ್ತಿ. ಮೊದಲ ತಯಾರಿಕೆ ಅಲರ್ಜಿ ತಂದಿತೆಂದು ಕೈಬಿಟ್ಟು, ಸೋಯಾ ಎಣ್ಣೆಯ ಎಮಲ್ಷನ್ ಮಾಡಿ 1986ರಲ್ಲಿ ಬಳಕೆಗೆ ತಂದರು. 2018ರಲ್ಲಿ ಗ್ಲೆನ್‌ಗೆ ಲಾಸ್ಕರ್ ಪ್ರಶಸ್ತಿ ಬಂತು. ಐವತ್ತು ಕಿಲೋ ತೂಕದವರನ್ನು ಮಲಗಿಸಲು ಸುಮಾರು 10 ಮಿಲಿಲೀಟರ್ ಸಾಕು. ಅದರಲ್ಲಿರುವ ಎಣ್ಣೆ ಒಂದು ಗ್ರಾಂ. ಕಣಗಳು ಇನ್ನೂರು ನ್ಯಾನೋಮೀಟರಿನವೆಂದರೆ ಎಣಿಕೆ 2.6 ಕೋಟಿ ಕೋಟಿ. ಮನುಷ್ಯನ ಮೈಯಲ್ಲಿರುವ ಜೀವಕೋಶಗಳು ಸುಮಾರು 37 ಲಕ್ಷ ಕೋಟಿ ಎಂಬ ಅಂದಾಜಿದೆ. ಅಂದರೆ ಕೋಶಕ್ಕೆ ಏಳೇಳು ಎಣ್ಣೆಕಣ! ರೋಗಿ ಒಂದು ನಿಮಿಷ ತುಂಬುವ ಮೊದಲೇ ನಿದ್ದೆಗೆ ಜಾರಿರುತ್ತಾರೆ.

ಇನ್ನು ಕಣ್ಣಿನ ಮದ್ದು. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಳ್ಳಿಹಾಕದಂತೆ ಕಾಪಾಡುವ ಸೈಕ್ಲೊಸ್ಪೊರಿನ್ ಬಂದದ್ದು ನಾರ್ವೆಯ ಹಾರ್ಡಂಗರ್‌ವಿಡ್ಡ ಪ್ರಸ್ಥಭೂಮಿಯ ಒಂದು ಹಿಡಿ ಮಣ್ಣಿನ ಶಿಲೀಂಧ್ರದಿಂದ. ನೀರಿಗೆ ಒಲಿಯದ ಈ ಮದ್ದು 1995ರ ಹೊತ್ತಿಗೆ ಹೊಟ್ಟೆಯ ನೀರು ತಾಗುತ್ತಲೇ ತಾನೇ ನ್ಯಾನೋ ಕಣಗಳಾಗಿ ಹರಡಿಕೊಳ್ಳುವ ಕ್ಯಾಪ್ಸೂಲಿನ ರೂಪ ಪಡೆಯಿತು. ಅಲ್ಲಿ ಸಲಗವೂ ಬೇಡ, 1,500 ಬಾರೂ ಬೇಡ. ಅದೇ ಮದ್ದನ್ನು ಹರಳೆಣ್ಣೆಯ ಎಮಲ್ಷನ್ನಿನಲ್ಲಿ ಇಟ್ಟು ಒಣಗುವ ಕಣ್ಣಿಗೆ ಬಿಡುವ ಔಷಧಕ್ಕೆ ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಒಂದು ಹನಿಯಲ್ಲಿ ಹರಳೆಣ್ಣೆ ನೂರಕ್ಕೆ ಒಂದೂಕಾಲು ಪಾಲು ಮಾತ್ರ. ಕಣಗಳನ್ನು ಇನ್ನೂರು ನ್ಯಾನೋಮೀಟರೆಂದು ಎಣಿಸಿದರೆ ಆ ಒಂದು ಹನಿಯಲ್ಲಿ 9 ಸಾವಿರ ಕೋಟಿ ಕಣ. ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಇಡೀ ಮನುಕುಲದ ಹನ್ನೊಂದು ಪಟ್ಟು ಕಣಗಳು ಕಣ್ಣಿಗೆ ಇಳಿದಿರುತ್ತವೆ.

ಈಗ ಆ ಕಡೂರಿನ ಕಾಯಿಯ ಎಣ್ಣೆಯನ್ನು ಸಾಲಾಗಿ ನಿಲ್ಲಿಸೋಣ. ನೂರು ನ್ಯಾನೋಮೀಟರಿನ ಕಣಗಳಾದರೆ ಒಂದು ಕಾಯಿಗೆ 1,900 ಕೋಟಿ ಕೋಟಿ ಕಣ. ಒಂದರ ಪಕ್ಕ ಒಂದು ಜೋಡಿಸಿದರೆ ಸಾಲಿನ ಉದ್ದ 1.9 ಕೋಟಿ ಕಿಲೋಮೀಟರ್. ಭೂಮಿಗೆ 476 ಸುತ್ತು. ಚಂದ್ರನಿಗೆ ಇಪ್ಪತ್ತನಾಲ್ಕು ಸಲ ಹೋಗಿ ಬಂದು ಮತ್ತೊಮ್ಮೆ ಹೋಗುವ ಹಾದಿ. ಇಪ್ಪತ್ತು ನ್ಯಾನೋಮೀಟರಿಗೆ ಇಳಿಸಿದರೆ ಎಣ್ಣೆ ಅಷ್ಟೇ ಇರುತ್ತದೆ, ಸಾಲು ಮಾತ್ರ ಇಪ್ಪತ್ತೈದು ಪಟ್ಟು ಹಿಗ್ಗಿ 47.7 ಕೋಟಿ ಕಿಲೋಮೀಟರಿಗೆ ಮುಟ್ಟುತ್ತದೆ. ಸೂರ್ಯ ಇರುವುದು 14.96 ಕೋಟಿ ಕಿಲೋಮೀಟರ್ ದೂರದಲ್ಲಿ. ಒಂದು ಕಾಯಿಯ ಸಾಲು ಸೂರ್ಯನನ್ನು ಮುಟ್ಟಿ, ತಿರುಗಿ ಕಡೂರಿಗೆ ಬಂದು, ಮತ್ತೆ ಸೂರ್ಯನ ಹತ್ತಿರ ಹೋಗಿ ನಿಲ್ಲುತ್ತದೆ! ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಲು ಬೆಳಕಿಗೇ ಇಪ್ಪತ್ತಾರು ನಿಮಿಷ ಬೇಕು.

ಅದೇ ಕಣಗಳನ್ನು ತುಂಬಿದ ಭದ್ರೆಗೆ ಸಮನಾಗಿ ಬೆರೆಸಿದೆವು ಅನ್ನಿ. ಲೀಟರ್ ನೀರಿಗೆ 1.18 ಕೋಟಿ ಕಣ ಬೀಳುತ್ತದೆ. ನಾಲೆಯ ಕೊನೆಯ ತೂಬಿನಲ್ಲಿ ಬೆರಳು ಅದ್ದಿ ತೆಗೆದರೆ ಬೆರಳ ತುದಿಯ ಒಂದು ಹನಿಯಲ್ಲಿ ಸುಮಾರು 590 ಕಣ. ಒಂದೇ ಕಾಯಿ, 71.5 ಟಿಎಂಸಿ ನೀರು, ಒಂದು ಹನಿಯೂ ಬರಿದಿಲ್ಲ. ಜಲಾಶಯ ಬಿಟ್ಟು ಭೂಮಿಯ ಎಲ್ಲ ಸಾಗರಗಳಿಗೂ ಬೆರೆಸಿದರೆ? ಆಗಲೂ 56 ಲೀಟರಿಗೆ ಒಂದರಂತೆ ಸಿಗುತ್ತದೆ. ಅಟ್ಲಾಂಟಿಕ್‌ನಲ್ಲಾಗಲಿ ಅಂಟಾರ್ಕ್ಟಿಕಾದ ಅಂಚಿನಲ್ಲಾಗಲಿ ನಾಲ್ಕು ಕೊಡ ನೀರು ತುಂಬಿದರೆ ಅದರಲ್ಲಿ ಕಡೂರಿನ ಒಂದು ಕಣ ಇರುತ್ತದೆ.

ಕೊನೆಗೆ ಎಣಿಕೆಯ ಮಾತು. ಇಪ್ಪತ್ತು ನ್ಯಾನೋಮೀಟರಿನ ಆ ಕಣಗಳು 2.39 ಲಕ್ಷ ಕೋಟಿ ಕೋಟಿ. ಒಬ್ಬರು ಸೆಕೆಂಡಿಗೆ ಒಂದರಂತೆ ಎಣಿಸಲು ಕೂತರೆ 75 ಸಾವಿರ ಕೋಟಿ ವರ್ಷ ಬೇಕು. ಈ ವಿಶ್ವಕ್ಕೆ ಈಗ 1,380 ಕೋಟಿ ವರ್ಷ ವಯಸ್ಸು, ಅಂಥ ಐವತ್ತೈದು ವಿಶ್ವಗಳ ಆಯುಷ್ಯ ಒಂದರ ಹಿಂದೊಂದು ಸವೆಯಬೇಕು. ಒಬ್ಬರಿಂದ ಆಗದು, ಎಲ್ಲರೂ ಕೈಜೋಡಿಸಲಿ. 800 ಕೋಟಿ ಜನ, ಹಸುಗೂಸಿನಿಂದ ಹಣ್ಣಾದ ಅಜ್ಜಿಯವರೆಗೆ, ಉಣ್ಣದೆ ಮಲಗದೆ ಸೆಕೆಂಡಿಗೆ ಒಂದರಂತೆ ಎಣಿಸಿದರೂ ಲೆಕ್ಕ ಮುಗಿಯುವುದು 94 ವರ್ಷ ಕಳೆದ ಮೇಲೆ. ಅಷ್ಟು ಕಣಗಳನ್ನು ಮಾಡಿ ಮುಗಿಸಲು ಪ್ರಯೋಗಾಲಯಕ್ಕೆ ಒಂದು ಮಧ್ಯಾಹ್ನ ಸಾಕು!